ಎಂಟು ಬಾಟಲಿಗೆ ಒಬ್ಬನೇ ಯಜಮಾನ

ನನ್ನ ಮೂತ್ರಕ್ಕೆ ಒಂದು ಕಾಲದಲ್ಲಿ ಒಳ್ಳೆಯ ಹೆಸರಿತ್ತು. ಇದನ್ನು ಓದಿ ಮೂಗು ಮುರಿಯುವವರು ಇಲ್ಲಿಗೇ ನಿಲ್ಲಿಸಬಹುದು, ಮುಂದೆ ಇದಕ್ಕಿಂತ ಹೇಸಿಗೆಯದು ಇದೆ. ಆದರೆ ಮೂತ್ರಪಿಂಡದ ಕಾಯಿಲೆ ಅಂತ ಈಗಷ್ಟೇ ಗೊತ್ತಾಗಿ, ತೊಡೆಯ ಮೇಲೆ ಐದು ಲೀಟರಿನ ಕ್ಯಾನು ಇಟ್ಟುಕೊಂಡು, ಯಾರ ಮುಖವನ್ನೂ ನೋಡಲಾಗದೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವವರು ಓದಲಿ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಾನು ಧಾರವಾಡದವನು. ಕೆಲಸಕ್ಕೆಂದು ಗೋವಾಕ್ಕೆ ಬಂದು ಪರ್ವರಿಯಲ್ಲಿ ಮನೆ ಮಾಡಿದೆ. ಔಷಧ ತುಂಬುವ ಪ್ಲಾಸ್ಟಿಕ್ ಬಾಟಲಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನೌಕರಿ. ಬಾಟಲಿಗೂ ನನಗೂ ಸಂಬಂಧವಿಲ್ಲ, ನನ್ನದು ಪಂಪು, ಫ್ಯಾನು, ಕಂಪ್ರೆಸರುಗಳ ನಾಡಿ ನೋಡುವ ಕೆಲಸ. ಬೆಳಿಗ್ಗೆ ಎಂಟಕ್ಕೆ ಅಂಗೈಯಗಲದ ಮೀಟರು ಹಿಡಿದು ಹೊರಟರೆ ಒಂದೊಂದು ಯಂತ್ರದ ಮೈಗೂ ಅದನ್ನು ಒತ್ತಿ, ಎಷ್ಟು ನಡುಗುತ್ತಿದೆ ಎಂದು ಬರೆದುಕೊಂಡು, ಮಧ್ಯಾಹ್ನ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯುತ್ತಿದ್ದೆ. ಬೇರಿಂಗು ಒಡೆಯುವ ಮೊದಲು ಯಂತ್ರ ಹೇಳಿಯೇ ಹೇಳುತ್ತದೆ. ಕೂಗಿ ಹೇಳುವುದಿಲ್ಲ, ಅಷ್ಟೇ. ನಿನ್ನೆಗಿಂತ ಇವತ್ತು ಒಂದು ಚೂರು ಹೆಚ್ಚು ನಡುಗುತ್ತದೆ, ನಾಳೆ ಇನ್ನೊಂದು ಚೂರು. ಆ ಚೂರನ್ನು ಹಿಡಿಯುವುದಕ್ಕೇ ನನಗೆ ಸಂಬಳ.

ನಮ್ಮ ಮ್ಯಾನೇಜರರಿಗೂ ಗ್ರಾಫಿನ ಹುಚ್ಚು. ಮಾರಾಟಕ್ಕೊಂದು, ಒಡೆದು ಹೋದ ಬಾಟಲಿಗೊಂದು, ಗೈರುಹಾಜರಿಗೊಂದು ಎಂದು ಕೋಣೆಯ ಗೋಡೆಯೆಲ್ಲ ಹಾಳೆ. ಪ್ರತಿಯೊಂದರ ಮೇಲೂ ಅಡ್ಡಕ್ಕೆ ಒಂದು ಕೆಂಪು ಗೆರೆ, ದಾಟಿದರೆ ಅಪಾಯ ಅಂತ. ನೀರು ತಂಪು ಮಾಡುವ ಗೋಪುರದ ಫ್ಯಾನಿನ ಚುಕ್ಕೆ ಒಮ್ಮೆ ಆ ಗೆರೆ ದಾಟಿತು. ಫ್ಯಾನು ನಿಲ್ಲಿಸಬೇಕು ಎಂದು ಬರೆದುಕೊಟ್ಟೆ. ಅವರು ಹಾಳೆಯನ್ನು ನೋಡಿ, ಸ್ಕೇಲು ಹುಡುಕಿ, ಕೆಂಪು ಗೆರೆಯನ್ನೇ ಎರಡು ಬೆರಳು ಮೇಲಕ್ಕೆ ಎಳೆದರು. ಈಗ ಸರಿಯಾಯಿತಲ್ಲ ಎಂದರು. ಮೂರು ವಾರಕ್ಕೆ ಫ್ಯಾನಿನ ರೆಕ್ಕೆ ಮುರಿದು ಗೋಡೆಗೆ ಬಡಿಯಿತು. ಆ ಮನುಷ್ಯನನ್ನು ಕಂಡರೆ ನನಗೆ ಹೇಸಿಗೆ. ಅದೇ ಸ್ಕೇಲು ನನ್ನ ಕೈಯಲ್ಲೂ ಇತ್ತು ಎಂದು ಆಗ ಗೊತ್ತಿರಲಿಲ್ಲ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ. ನಮ್ಮಂಥ ಕಾಯಂ ನೌಕರರಿಗೆ ಅದು ಅರ್ಧ ದಿನದ ಬಿಡುವು. ಗುತ್ತಿಗೆಯವರಿಗೆ ಮಾತ್ರ ನಿಜವಾದ ಪರೀಕ್ಷೆ. ಕಾಗದದ ಮೇಲೆ ‘ಫಿಟ್’ ಎಂಬ ಮುದ್ರೆ ಬೀಳದಿದ್ದರೆ ಗುತ್ತಿಗೆದಾರ ಮರುದಿನವೇ ಊರಿಗೆ ಅಟ್ಟುತ್ತಿದ್ದ. ಕಂಪ್ರೆಸರ್ ಮನೆಯಲ್ಲಿ ಈರಪ್ಪ ಎಂಬ ಹೆಲ್ಪರ್ ಇದ್ದ, ಸಿಂದಗಿ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ, ಹಿಡಿಯನ್ನು ಕಿವಿಗೆ ಹಚ್ಚಿ ನನ್ನ ಮೀಟರಿಗಿಂತ ಮೊದಲೇ ಬೇರಿಂಗಿನ ಗೊಗ್ಗರು ಸದ್ದು ಹಿಡಿಯುತ್ತಿದ್ದ. ನಾನು ಸೇರಿದ ಮೊದಲ ವರ್ಷ, ತಪಾಸಣೆಯ ದಿನ ಬೆಳಿಗ್ಗೆ, ನಮ್ಮದೇ ಕಾರ್ಖಾನೆಯ ಖಾಲಿ ಬಾಟಲಿಯೊಂದನ್ನು ಬೆನ್ನ ಹಿಂದೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ.

“ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ನೀವು ಕುಡಿಯಂಗಿಲ್ಲ, ತಂಬಾಕ ತಿನ್ನಂಗಿಲ್ಲ. ನಿಮ್ಮದು ಸ್ವಚ್ಛ ಇರತೈತಿ. ಇದರಾಗ ಒಂದೀಟ ಕೊಡ್ರಿ.”

“ಏನ್ ಕೊಡ್ಲಿ?”

ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟು ಶೌಚಾಲಯದ ಬಾಗಿಲ ಕಡೆ ನೋಡಿದ.

ಹಿಂದಿನ ದಿನ ಕುಡಿದದ್ದು ಮೂತ್ರದಲ್ಲಿ ಬಣ್ಣ ಬಿಡುತ್ತದೆ ಎಂದು ಅವರೆಲ್ಲರ ನಂಬಿಕೆ. ಮೊದಲು ನಕ್ಕೆ, ಆಮೇಲೆ ಕೊಟ್ಟೆ. ಪಾಪ, ಒಂದು ಮುದ್ರೆಗಾಗಿ ಯಾಕೆ ಒಬ್ಬನ ಅನ್ನ ಹೋಗಬೇಕು ಎಂದುಕೊಂಡೆ. ಮರುವರ್ಷ ಮೂರು ಬಾಟಲಿ ಬಂದವು. ನಾಲ್ಕನೆಯ ವರ್ಷಕ್ಕೆ ಏಳು. ನನ್ನದೂ ಸೇರಿ ಎಂಟು. ತಪಾಸಣೆಯ ದಿನ ನಸುಕಿನಿಂದಲೇ ತಂಬಿಗೆಗಟ್ಟಲೆ ನೀರು ಕುಡಿದು ತಯಾರಾಗಿ ಹೋಗುತ್ತಿದ್ದೆ. ಸಾಹೇಬರ ತೀರ್ಥ ಎಂದು ಅವರು ತಮ್ಮತಮ್ಮಲ್ಲಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನಗೆ ಅದರಲ್ಲಿ ಹೆಮ್ಮೆಯೂ ಇತ್ತು. ಏಳು ಜನ ದುಡಿಯುವ ಗಂಡಸರು ನನ್ನ ಶುದ್ಧ ದೇಹವನ್ನು ನಂಬಿ ವರ್ಷ ಕಳೆಯುತ್ತಿದ್ದಾರೆ ಎಂಬ ಹೆಮ್ಮೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ದೇಹ ಹೇಳುವುದನ್ನೆಲ್ಲ ನಮ್ಮ ಕಣ್ಣೆದುರಿಗೇ ಹೇಳುತ್ತಿತ್ತು. ಕಂಪ್ರೆಸರ್ ಮನೆಯ ಹಿಂದಿನ ಗೋಡೆಗೆ ಗಂಡಸರು ನಿಲ್ಲುವ ಜಾಗದಲ್ಲಿ, ಒಂದೇ ಒಂದು ಮೂಲೆಯಲ್ಲಿ, ಇರುವೆ ಮುತ್ತುತ್ತಿದ್ದವು. ಅದು ಈರಪ್ಪ ನಿಲ್ಲುವ ಮೂಲೆ. ನಾನು ಇರುವೆ ಪುಡಿ ಹಾಕಿಸಲು ಅರ್ಜಿ ಬರೆದೆ. ಮನೆಯಲ್ಲಿ ನನ್ನ ಕಮೋಡಿನಲ್ಲಿ ಒಂದು ವರ್ಷದಿಂದ ನೊರೆ ಏಳುತ್ತಿತ್ತು, ನೀರು ಬಿಟ್ಟರೂ ಹೋಗದ ನೊರೆ. ಹೆಂಡತಿ ಮಾಲತಿ ತೊಳೆಯಲು ಹೊಸ ದ್ರಾವಣ ತಂದಿದ್ದಾಳೆ, ಅದರದು ಎಂದುಕೊಂಡೆ. ಸಂಜೆ ಕಾಲುಚೀಲ ತೆಗೆದರೆ ಕಣಕಾಲಿನ ಸುತ್ತ ಆಳವಾದ ಗುರುತು. ಕಾಲುಚೀಲ ಬಿಗಿಯಾಗಿದೆ ಎಂದು ಸಡಿಲವಾದದ್ದು ಕೊಂಡೆ. ಗೆರೆ ದಾಟಿದಾಗಲೆಲ್ಲ ಗೆರೆಯನ್ನೇ ಮೇಲೆ ಎಳೆದೆ.

ಐದನೆಯ ವರ್ಷದ ತಪಾಸಣೆಗೆ ಪಣಜಿಯಿಂದ ಡಾಕ್ಟರಬಾಯಿ ಬಂದರು. ಪ್ರತಿ ವರ್ಷ ಅವರೇ ಬರುತ್ತಿದ್ದುದು, ಆದರೆ ಮೂತ್ರದಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವ ಕೆಲಸವನ್ನು ಸಹಾಯಕನಿಗೆ ಬಿಡುತ್ತಿದ್ದರು. ಆ ಸಲ ಸಹಾಯಕ ರಜೆ. ತಾವೇ ಒಂದೊಂದು ಬಾಟಲಿಗೆ ಪಟ್ಟಿ ಅದ್ದಿ ನೋಡಿದರು. ನಾಲ್ಕು ದಿನಕ್ಕೆ ನೋಟಿಸ್ ಬೋರ್ಡಿನ ಮೇಲೆ ಎಂಟು ಹೆಸರು ಬಂದವು. ಎಂಟೂ ಜನರ ಮೂತ್ರದಲ್ಲಿ ಒಂದೇ ಪ್ರಮಾಣದ ಪ್ರೋಟೀನು, ಜೊತೆಗೆ ರಕ್ತದ ಛಾಯೆ. ಕುಡಿಯುವ ನೀರಿನ ಟಾಕಿಯಲ್ಲಿ ಏನೋ ಬೆರೆತಿರುವ ಅನುಮಾನವಿದೆ, ವರದಿ ಬರುವವರೆಗೆ ನಲ್ಲಿ ಮುಚ್ಚಲಾಗಿದೆ, ಪಟ್ಟಿಯಲ್ಲಿರುವ ಗುತ್ತಿಗೆ ಕೆಲಸಗಾರರು ಮನೆಯಲ್ಲೇ ಇರತಕ್ಕದ್ದು, ಆ ದಿನಗಳ ಪಗಾರ ಇಲ್ಲ. ಎಂಟರಲ್ಲಿ ಮೊದಲ ಹೆಸರು ನನ್ನದು.

ನನ್ನ ಕಸುಬಿನಲ್ಲಿ ಮೊದಲ ವಾರವೇ ಕಲಿಸುವ ಪಾಠ ಒಂದಿದೆ. ಎಂಟು ಮೀಟರುಗಳ ಮುಳ್ಳು ಒಂದೇ ದಿನ, ಒಂದೇ ಕಡೆಗೆ, ಒಂದೇ ಅಳತೆಗೆ ಸರಿದರೆ ಕೆಟ್ಟಿರುವುದು ಎಂಟು ಯಂತ್ರಗಳಲ್ಲ, ಎಂಟಕ್ಕೂ ಸೇರಿದ ಒಂದು ಮೂಲ. ಅದನ್ನು ನಾನೇ ಎಷ್ಟೋ ಹೊಸಬರಿಗೆ ಹೇಳಿಕೊಟ್ಟಿದ್ದೆ. ನೋಟಿಸಿನ ಮುಂದೆ ನಿಂತು ಎಂಟೂ ಹೆಸರನ್ನು ಮತ್ತೊಮ್ಮೆ ಓದಿದೆ. ಟಾಕಿ ತೊಳೆಯಲು ಹಗ್ಗ, ಏಣಿ ಹೊತ್ತುಕೊಂಡು ಜನ ಓಡಾಡುತ್ತಿದ್ದರು. ಟಾಕಿ ನಾನೇ ಆಗಿದ್ದೆ.

ಸಂಜೆ ಗೇಟಿನ ಹೊರಗೆ ಈರಪ್ಪ ಕಾಯುತ್ತಿದ್ದ. ಉಳಿದ ಆರು ಜನ ದೂರದಲ್ಲಿ ರಸ್ತೆಯಂಚಿಗೆ ಕೂತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ.

“ಸಾಹೇಬ್ರ, ಟಾಕಿ ನೀರ ಅಲ್ಲರೀ ಅದು.”

“ಗೊತ್ತದ, ಈರಪ್ಪ.”

“ನಾವು ಯಾರೂ ಬಾಯಿ ಬಿಡಂಗಿಲ್ಲ. ಬಿಟ್ರ ಕೆಲಸದಿಂದ ನಾವೂ ಹೊಕ್ಕೇವಿ, ನೀವೂ ಹೊಕ್ಕೀರಿ. ಆದ್ರ ನೀವು ಮಾತ್ರ ನಾಳಿಗೇ ದವಾಖಾನಿಗೆ ಹೋಗ್ರಿ. ಇದು ಚಲೋ ಅಲ್ಲ.”

ತನಗೆ ಪಗಾರವಿಲ್ಲದ ದಿನವೂ ಅವನಿಗೆ ನನ್ನ ಚಿಂತೆಯಿತ್ತು. ನಾನು ಮರುದಿನ ದವಾಖಾನೆಗೂ ಹೋಗಲಿಲ್ಲ, ಡಾಕ್ಟರಬಾಯಿಯ ಹತ್ತಿರವೂ ಹೋಗಲಿಲ್ಲ. ಒಂಬತ್ತು ದಿನ ಸುಮ್ಮನಿದ್ದೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಇವತ್ತು ಹೇಳಿಬಿಡುತ್ತೇನೆ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಬ್ಬ ಹೆಂಗಸಿನ ಮುಂದೆ ನಿಂತು, ಆ ಎಂಟೂ ಬಾಟಲಿ ನನ್ನದೇ ರೀ ಎಂದು ಹೇಳುವ ದೃಶ್ಯ ಕಣ್ಣಿಗೆ ಬಂದರೆ ಜೋಡಿಸಿದ ಮಾತೆಲ್ಲ ಬಿಟ್ಟು ಮೀಟರು ಹಿಡಿದು ಪಂಪುಗಳ ಕಡೆ ಹೊರಟುಬಿಡುತ್ತಿದ್ದೆ. ರೋಗದ ಹೆದರಿಕೆಗಿಂತ ಆ ನಾಚಿಕೆಯೇ ದೊಡ್ಡದಾಗಿತ್ತು. ಎಂಥ ಮನುಷ್ಯ ನಾನು.

ಕೊನೆಗೆ ಹೇಳಿದ್ದು ಮಾಲತಿಗೆ. ಅವಳು ಬೆಳಗಾವಿಯವಳು, ಒಂದು ಮಾತಿಗೆ ಎರಡು ಮಾತು ಖರ್ಚು ಮಾಡುವವಳಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಪೂರ್ತಿ ಕೇಳಿದಳು.

“ಛೀ,” ಎಂದಳು ಮೊದಲು. “ಏಳು ಮಂದಿಗೆ? ಐದು ವರ್ಷ?” ಮೊರವನ್ನು ಮತ್ತೆ ಎಳೆದುಕೊಂಡು ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಅವಳ ಮುಖ ಬದಲಾಯಿತು. “ಅಂದ್ರ ರೋಗ ಅವರಿಗಿಲ್ಲ. ನಿಮಗದ.”

ಒಂಬತ್ತು ದಿನ ನಾನು ಯೋಚಿಸುತ್ತಿದ್ದುದು ಮಾನದ ವಿಷಯ. ಅವಳಿಗೆ ಎರಡು ನಿಮಿಷದಲ್ಲಿ ಅದರ ಆಚೆಗೆ ಇದ್ದದ್ದು ಕಂಡಿತು.

ಮರುದಿನ ಹೇಳುವ ಅಗತ್ಯವೇ ಬೀಳಲಿಲ್ಲ. ನೀರಿನ ವರದಿ ಶುದ್ಧ ಎಂದು ಬಂದಿತ್ತು. ಎಂಟೂ ಜನರನ್ನು ಕರೆಸಿ, ಶೌಚಾಲಯದ ಬಾಗಿಲಿಗೆ ವಾಚ್‌ಮನ್ ನಿಲ್ಲಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಮತ್ತೊಮ್ಮೆ ಮೂತ್ರ ತೆಗೆದುಕೊಂಡರು. ಮಧ್ಯಾಹ್ನ ಡಾಕ್ಟರಬಾಯಿ ನನ್ನೊಬ್ಬನನ್ನೇ ಕರೆದರು. ಮೇಜಿನ ಮೇಲೆ ಎರಡೂ ಸಲದ ಹೆಸರಿನ ಪಟ್ಟಿಗಳು ಅಕ್ಕಪಕ್ಕ ಇದ್ದವು. ಮೊದಲನೆಯದರಲ್ಲಿ ಎಂಟೂ ಒಂದೇ. ಎರಡನೆಯದರಲ್ಲಿ ನನ್ನದು ಹಾಗೆಯೇ, ಆರು ಜನರದು ಸ್ವಚ್ಛ, ಈರಪ್ಪನದು ಮಾತ್ರ ಬೇರೆಯೇ ಬಣ್ಣ. ಅವರು ಮಾತಾಡಿದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲೇ ಬರೆಯುತ್ತೇನೆ.

“ಮೊದಲ ಸಲದ್ದು ಎಲ್ಲವೂ ನಿಮ್ಮದೇನು?”

“ಹೌದು.”

ಅವರ ಮುಖದ ಮೇಲೆ ಬಂದದ್ದನ್ನು ನಾನು ಮರೆತಿಲ್ಲ. ಚರಂಡಿಯಲ್ಲಿ ಕಾಲಿಟ್ಟವರ ಮುಖ. ಆದರೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟು ವರ್ಷದಿಂದ?”

“ಐದು.”

ಅವರು ಈರಪ್ಪನ ಹೆಸರಿನ ಮೇಲೆ ಬೆರಳಿಟ್ಟರು. “ಇವನಿಗೆ ಸಕ್ಕರೆ ಕಾಯಿಲೆ. ಇವತ್ತು ನಿನ್ನೆಯದಲ್ಲ, ಕಿಡ್ನಿಗೂ ತಾಗಿದೆ. ಐದು ವರ್ಷ ಇವನ ಬಾಟಲಿ ಎಂದು ನಾನು ನೋಡಿದ್ದು ನಿಮ್ಮದನ್ನು. ನೀವು ಯಂತ್ರಗಳ ರೀಡಿಂಗ್ ತೆಗೆಯುವವರಲ್ಲವೇ?”

 ಈರಪ್ಪನಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಅವನ ಮೀಟರಿಗೆ ನನ್ನ ಮುಳ್ಳು ಕಟ್ಟಿ ಕೂಡಿಸಿದ್ದೆ. ಮೊದಲ ಸಲದ ಬಾಟಲಿಗಳು ಅದಲುಬದಲಾಗಿದ್ದವು ಎಂದು ಡಾಕ್ಟರಬಾಯಿ ಮ್ಯಾನೇಜರರಿಗೆ ಬರೆದುಕೊಟ್ಟರು. ಆರು ಜನ ಕೆಲಸಕ್ಕೆ ಮರಳಿದರು. ಅದು ಆಕೆಯ ದೊಡ್ಡತನ. ಈರಪ್ಪನ ಕಾಗದಕ್ಕೆ ಮಾತ್ರ ಮುದ್ರೆ ಬೀಳಲಿಲ್ಲ. ಔಷಧ ತೆಗೆದುಕೊಂಡು ಕೆಲಸ ಮಾಡಬಹುದು ಎಂದು ಅವರು ಬರೆದದ್ದನ್ನು ಗುತ್ತಿಗೆದಾರ ಓದಲೂ ಇಲ್ಲ.

ನನ್ನನ್ನು ನೋಡಲು ಒಪ್ಪಿದ ಮೂತ್ರಪಿಂಡದ ಡಾಕ್ಟರು ಹುಬ್ಬಳ್ಳಿಯಲ್ಲಿದ್ದರು. ಇಪ್ಪತ್ತನಾಲ್ಕು ತಾಸಿನ ಮೂತ್ರವನ್ನು ಒಂದು ಹನಿಯೂ ಬಿಡದೆ ಹಿಡಿದು ತರಬೇಕು ಎಂದು ಅಪ್ಪಣೆ. ಅಡಿಗೆ ಎಣ್ಣೆಯ ಐದು ಲೀಟರಿನ ಹಳೆಯ ಕ್ಯಾನನ್ನು ಮಾಲತಿ ಸೋಪುನೀರಿನಲ್ಲಿ ನಾಲ್ಕು ಸಲ ತೊಳೆದಳು. ಒಂದು ಇಡೀ ದಿನ ಅದು ನಮ್ಮ ಬಚ್ಚಲಿನ ಮೂಲೆಯಲ್ಲಿ ಕೂತಿತು. ಬೆಳಿಗ್ಗೆ ಅದನ್ನು ಪೇಪರಿನಲ್ಲಿ ಸುತ್ತಿ, ನೈಲಾನ್ ಚೀಲದಲ್ಲಿಟ್ಟು, ಪಣಜಿಯಿಂದ ಬಸ್ಸು ಹತ್ತಿದೆವು.

ಮೊಲೆಂನಲ್ಲಿ ಗಡಿಯ ತನಿಖೆ. ಗೋವಾದ ಸರಾಯಿ ಆಚೆ ಹೋಗದಂತೆ ಚೀಲ ನೋಡುತ್ತಾರೆ. ಪೇದೆಯೊಬ್ಬ ಒಳಗೆ ಬಂದು ನಮ್ಮ ಸೀಟಿನ ಕೆಳಗೆ ಕ್ಯಾನು ಕಂಡ.

“ಹಾಂತುಂತ ಕಿತೆಂ?” ಇದರಲ್ಲಿ ಏನಿದೆ ಅಂತ.

“ಯೂರಿನ್. ಟೆಸ್ಟಿಗೆ.”

ಅವನು ನಕ್ಕು ಹಿಂದಿಯಲ್ಲಿ ಶುರು ಮಾಡಿದ. “ಸಬ್ ಐಸಾಹೀ ಬೋಲ್ತಾ ಹೈ. ಖೋಲೋ.” ಎಲ್ಲರೂ ಹೀಗೇ ಹೇಳುತ್ತಾರೆ, ತೆಗೆ ಅಂತ.

ನಾನು ಬೇಡ ಎಂದೆ. ಬೇಡ ಎಂದಷ್ಟೂ ಅವನ ಅನುಮಾನ ಬಲಿಯಿತು. ತಾನೇ ಮುಚ್ಚಳ ತಿರುಗಿಸಿ, ಫೆಣಿ ಸರಾಯಿ ಗುರುತಿಸುವವರ ರೂಢಿಯಂತೆ ಮೂಗು ತಂದು ಪೂರ್ತಿ ಉಸಿರೆಳೆದ. ಇಡೀ ಬಸ್ಸು ನೋಡುತ್ತಿತ್ತು. ಅವನ ಮುಖ ಕಿವುಚಿಹೋಯಿತು. ಮುಚ್ಚಳವನ್ನು ಸೀಟಿನ ಮೇಲೆ ಒಗೆದು, ಕೆಳಗಿಳಿದು, ಹೋಟೆಲಿನ ಡ್ರಮ್ಮಿನ ನೀರಿನಲ್ಲಿ ಮುಖ ತೊಳೆದೇ ತೊಳೆದ. ಹಿಂದಿನ ಸೀಟಿನಿಂದ ಶುರುವಾದ ನಗು ಡ್ರೈವರನ ತನಕ ಹೋಯಿತು. ಮಾಲತಿ ಕಿಟಕಿಯ ಕಡೆ ತಿರುಗಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಘಟ್ಟ ಹತ್ತುವಾಗ ನೋಡಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎರಡು ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ.

ಹುಬ್ಬಳ್ಳಿಯ ಆ ಆಸ್ಪತ್ರೆಯ ಬೆಂಚುಗಳ ಮೇಲೆ ನನ್ನಂಥವರೇ ಸಾಲಾಗಿ ಕೂತಿದ್ದರು. ಒಬ್ಬರ ತೊಡೆಯ ಮೇಲೆ ಫಿನಾಯಿಲಿನ ಡಬ್ಬಿ, ಇನ್ನೊಬ್ಬರದು ಹಾಲಿನ ಕ್ಯಾನು. ಊದಿದ ಮುಖಗಳು, ಉಂಗುರ ಹೂತುಹೋದ ಬೆರಳುಗಳು, ಮೂತ್ರ ಮತ್ತು ಡೆಟಾಲಿನ ನಾತ. ಎಲ್ಲರ ಕಣ್ಣೂ ನೆಲದ ಮೇಲೆ. ನನ್ನ ಪಕ್ಕದಲ್ಲಿ ಗದಗಿನ ಕಡೆಯ ಅಜ್ಜಿಯೊಬ್ಬಳು ಮೊಮ್ಮಗಳ ಡಬ್ಬಿ ಹಿಡಿದುಕೊಂಡಿದ್ದಳು.

“ಮೊದಲನೇ ಸಲಾ ಏನ್ರಿ?” ಎಂದಳು. ಹೌದು ಎಂದೆ. “ಹಂಗ ಮುಚ್ಚಿ ಮುಚ್ಚಿ ಹಿಡೀಬ್ಯಾಡ್ರಿ. ಇಲ್ಲಿ ಎಲ್ಲಾರದೂ ಅದ ಐತಿ.” ನನ್ನ ಕ್ಯಾನನ್ನು ಎತ್ತಿ ತನ್ನದರ ಪಕ್ಕಕ್ಕೆ ನೆಲದ ಮೇಲೆ ಇಟ್ಟಳು. ಆ ದಿನ ನನ್ನ ಕೈಯಿಂದ ಒಂದು ಭಾರ ಇಳಿಸಿದವಳು ಅವಳೊಬ್ಬಳೇ.

ಡಾಕ್ಟರು ಹಳೆಯ ರಿಪೋರ್ಟುಗಳನ್ನು ಕೇಳಿದರು. ಐದೂ ನನ್ನ ಫೈಲಿನಲ್ಲಿ ನೀಟಾಗಿದ್ದವು, ನಾನು ಅಂಥವನೇ. ಅವರು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದರು. ಮೊದಲ ವರ್ಷ ಪ್ರೋಟೀನು ಇಲ್ಲ. ಎರಡನೇ ವರ್ಷ ಇಲ್ಲ. ಮೂರನೇ ವರ್ಷ ಲೇಶ. ನಾಲ್ಕನೇ ವರ್ಷ ಒಂದು ಪ್ಲಸ್. ಈ ವರ್ಷ ಎರಡು. ಮೊದಲ ನಾಲ್ಕರ ಮೇಲೂ ಫಿಟ್ ಎಂಬ ಮುದ್ರೆ.

“ಇವನ್ನ ಹಿಂಗ ಇಟ್ಟು ಯಾರೂ ನೋಡ್ಲಿಲ್ಲೇನು?” ಎಂದರು. “ಜೋಶಿಯವರ, ನೀವೇನ್ ಕೆಲಸಾ ಮಾಡ್ತೀರಿ?”

ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಂಗಾರ ನಿಮಗ ನಾ ಹೇಳೂದೇನದ,” ಎಂದರು.

ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆಯುವ ಬಯಾಪ್ಸಿಯ ದಿನ ಹೊಟ್ಟೆಯಡಿ ಚಾದರದ ಸುರುಳಿ ಇಟ್ಟು ಬೋರಲು ಮಲಗಿಸಿದರು. ಬೆನ್ನಿನಲ್ಲಿ ಸ್ಟೇಪ್ಲರ್ ಒತ್ತಿದಂಥ ಸದ್ದು, ಎರಡು ಸಲ. ನೋವಿಗಿಂತ ಆ ಸದ್ದು ಕೆಟ್ಟದ್ದು. ಆಮೇಲೆ ಅಂಗಾತ, ಅಲುಗಾಡದೆ, ಬೆಳಗಿನ ತನಕ. ಸೂಜಿ ತಾಗಿದ ಜಾಗದಲ್ಲಿ ಒಳಗೇ ರಕ್ತ ಸೋರುತ್ತಿದೆಯೋ ಎಂದು ತಿಳಿಯಲು ಪ್ರತಿ ಸಲದ ಮೂತ್ರವನ್ನೂ ಬೇರೆ ಬೇರೆ ಬಾಟಲಿಯಲ್ಲಿ ತೆಗೆದು, ಸಾಲಾಗಿ ಇಟ್ಟು, ಬಣ್ಣ ನೋಡಬೇಕು. ಆ ಕೆಲಸ ಮಾಲತಿಯ ಪಾಲಿಗೆ ಬಂತು. ಕಿಟಕಿಯ ಕಟ್ಟೆಯ ಮೇಲೆ ಒಂದೊಂದೇ ಬಾಟಲಿ ಕೂರತೊಡಗಿತು. ಮೊದಲನೆಯದು ದಾಸವಾಳದ ಬಣ್ಣ. ಎರಡನೆಯದು ಹಾಗೆಯೇ. ನಾನು ಕಣ್ಣು ಮುಚ್ಚಿಕೊಂಡೆ. ನನಗೆ ನನ್ನ ಮೇಲೆ, ಆ ಬಾಟಲಿಗಳ ಮೇಲೆ, ಅವುಗಳನ್ನು ಮುಟ್ಟಬೇಕಾದ ಅವಳ ಸ್ಥಿತಿಯ ಮೇಲೆ ವಾಕರಿಕೆ ಬರುತ್ತಿತ್ತು. ಅವಳು ಮೂರನೆಯ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದು, ಎರಡನೆಯದರ ಪಕ್ಕ ತಂದು, ಹುಬ್ಬು ಗಂಟಿಕ್ಕಿ ನೋಡಿದಳು.

“ಇದು ಅದಕ್ಕಿಂತ ತೆಳಗ ಅದ,” ಎಂದಳು. “ಇಳೀಲಿಕತ್ತದ. ಕಣ್ಣ ತಗೀರಿ, ನೋಡ್ರಿ.”

ಮನೆಯಲ್ಲಿ ತುಂಬಿದ ಕ್ಯಾನನ್ನು ಕೈಯಿಂದ ಮುಟ್ಟದೆ ಕೋಲಿನಿಂದ ಸರಿಸಿದ್ದವಳು ಅವಳು. ಒಂಬತ್ತನೆಯ ಬಾಟಲಿ ಹೊತ್ತಿಗೆ ಬರೀ ನೀರಿನ ಬಣ್ಣ. ಅಷ್ಟು ಜಾಗರೂಕತೆಯಿಂದ ನಾನು ಯಾವ ಪಂಪನ್ನೂ ನೋಡಿರಲಿಲ್ಲ.

ರೋಗಕ್ಕೊಂದು ಉದ್ದನೆಯ ಹೆಸರಿತ್ತು, ಅದನ್ನಿಲ್ಲಿ ಬರೆಯುವುದಿಲ್ಲ. ರಕ್ತ ಸೋಸುವ ಜಾಳಿಗೆ ಊದಿಕೊಂಡು ಸೋರುತ್ತಿತ್ತು. ಆರು ತಿಂಗಳು ಸ್ಟಿರಾಯ್ಡ್ ಗುಳಿಗೆ. ಮುಖ ರೊಟ್ಟಿಯಷ್ಟು ದುಂಡಗಾಯಿತು. ಬೆನ್ನ ತುಂಬ ಮೊಡವೆ. ಊಟ ಮಾಡಿ ಎದ್ದ ಅರ್ಧ ತಾಸಿಗೆ ಹಸಿವು, ಉಪ್ಪು ಮಾತ್ರ ನಿಷಿದ್ಧ. ಕೆಳಗಿನ ಮನೆಯ ಕಾರವಾರದವರು ಸಿಕ್ಕಾಗಲೆಲ್ಲ, ಗೋವಾ ಹವಾ ಒಗ್ಗಿತು ನೋಡ್ರಿ, ಮೈ ತುಂಬಿಕೊಂಡೀರಿ ಎಂದು ಹೊಗಳುತ್ತಿದ್ದರು. ಅವರ ಕೆನ್ನೆಗೆ ಹೊಡೆಯಬೇಕು ಎನಿಸುತ್ತಿತ್ತು. ಒಂದು ದಿನ ಉಪ್ಪಿಲ್ಲದ ಸಾರಿನ ಬಟ್ಟಲನ್ನು ಗೋಡೆಗೆ ಒಗೆದೆ. ಮಾಲತಿ ನೆಲ ಒರೆಸಿ ಮತ್ತೆ ಬಡಿಸಿದಳು. “ಗುಳಿಗಿ ಒದರಲಿಕತ್ತದ, ನೀವಲ್ಲ. ಉಣ್ಣರಿ,” ಎಂದಳು. ಅದು ಪೂರ್ತಿ ನಿಜವಲ್ಲ. ಒದರಿದ್ದು ನಾನೇ. ಆದರೂ ಅವಳು ಹಾಗೆ ಹೇಳಿದ್ದರಿಂದ ಉಣ್ಣಲು ಸಾಧ್ಯವಾಯಿತು. ಗುಳಿಗೆ ನುಂಗುತ್ತಿರುವವರ ಮನೆಯವರು ಈ ಒಂದು ಸುಳ್ಳನ್ನು ಕಲಿತಿರಬೇಕು.

ಸೋರಿಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ಇಳಿಯಿತು. ರಕ್ತದೊತ್ತಡದ ಗುಳಿಗೆ ಬದುಕಿರುವ ತನಕ, ಮೂರು ತಿಂಗಳಿಗೊಮ್ಮೆ ಪಣಜಿಯ ಲ್ಯಾಬಿನಲ್ಲಿ ಪರೀಕ್ಷೆ. ಇದಕ್ಕೆ ಒಗ್ಗಿಕೊಂಡಿದ್ದೇನೆ.

ಒಗ್ಗದೆ ಉಳಿದದ್ದು ಈರಪ್ಪ. ಅವನು ಊರಿಗೆ ಹೋಗಿರಲಿಲ್ಲ. ನನ್ನ ಮನೆಯಿಂದ ಹದಿನೈದು ನಿಮಿಷ ನಡೆದರೆ ಸಿಗುವ ಕಟ್ಟಡವೊಂದಕ್ಕೆ ಕಾವಲುಗಾರನಾಗಿದ್ದ, ಸಿಮೆಂಟ್ ಚೀಲಗಳ ನಡುವೆ ಒಂದು ತಗಡಿನ ಶೆಡ್ಡು. ಸಕ್ಕರೆ ನೋಡಿಸು, ಮೂತ್ರ ನೋಡಿಸು ಎಂದು 2007ರಲ್ಲಿ ಎರಡು ಸಲ ಹೋಗಿ ಹೇಳಿದೆ. “ನೋಡಿ ಏನ ಮಾಡತಾರ್ರಿ? ಮನಿಗೆ ಕಳಸತಾರ,” ಎಂದ. ಅವನ ಮಟ್ಟಿಗೆ ಪರೀಕ್ಷೆ ಎಂದರೆ ಅಷ್ಟೇ ಆಗಿತ್ತು. ಮೂರನೆಯ ಸಲ ಹೋದಾಗ ಕಾಲಿಗೆ ಮೊಳೆ ಚುಚ್ಚಿ ಬಟ್ಟೆ ಕಟ್ಟಿಕೊಂಡಿದ್ದ. ನೋವೇ ಇಲ್ಲ ಎಂದ. ಬಟ್ಟೆ ಬಿಚ್ಚಿಸಿದೆ. ಆ ವಾಸನೆಯನ್ನು ವರ್ಣಿಸುವುದಿಲ್ಲ. ಹೊರಗೆ ಹೋಗಿ ಜಲ್ಲಿಯ ರಾಶಿಯ ಮೇಲೆ ವಾಂತಿ ಮಾಡಿದೆ. ಆಮೇಲೆ ಒಳಗೆ ಬಂದು ಅವನನ್ನು ರಿಕ್ಷಾದಲ್ಲಿ ಕೂಡಿಸಿದೆ.

ಎಡಗಾಲಿನ ಎರಡು ಬೆರಳು ತೆಗೆದರು. ಸರಕಾರಿ ಆಸ್ಪತ್ರೆಯ ಮಂಚದ ಪಕ್ಕ ನಿಂತು, “ತಪ್ಪು ನಂದು, ಈರಪ್ಪ” ಎಂದೆ. 

“ಬಾಟ್ಲಿ ಹಿಡಕೊಂಡ ಬಂದಾವ ನಾನ ಅಲ್ಲೇನ್ರಿ?” ಎಂದ ಅವನು.

“ತುಂಬಿ ಕೊಟ್ಟಾವ ನಾನು.”

ಅವನು ಪಟ್ಟಿ ಸುತ್ತಿದ ಕಾಲನ್ನು ಚಾದರದಡಿ ಎಳೆದುಕೊಂಡ. “ಹೌದ್ರಿ,” ಎಂದ. ನನ್ನನ್ನು ಸಮಾಧಾನ ಮಾಡಲು ಇಲ್ಲ ಎನ್ನಲಿಲ್ಲ. ಅದಕ್ಕಾಗಿ ನಾನು ಅವನಿಗೆ ಋಣಿ.

ಅವನ ಶೆಡ್ಡಿನ ತಗಡಿನ ಮೇಲೆ ಈಗ ಒಂದು ಗ್ರಾಫ್ ಹಾಳೆ ಅಂಟಿಸಿದ್ದೇನೆ. ಹತ್ತಿರದ ದವಾಖಾನೆಯಲ್ಲಿ ತಿಂಗಳಿಗೊಮ್ಮೆ ಸಕ್ಕರೆ ನೋಡಿಸಿ ಒಂದು ಚುಕ್ಕೆ, ಅವನೇ ಇಡುತ್ತಾನೆ. ಮೊದಲ ದಿನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದ: “ಕೆಂಪ ಗೆರಿ ಎಲ್ಲೈತ್ರಿ ಇದರಾಗ?”

“ಇಲ್ಲ. ಹೋದ ತಿಂಗಳಕಿಂತ ಮ್ಯಾಲ ಹೋತಂದ್ರ ಸಾಕು, ದವಾಖಾನಿಗೆ ನಡಿ.”

ಮೂರು ತಿಂಗಳಿಗೊಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ಪಣಜಿಯ ಲ್ಯಾಬಿಗೆ ಹೋಗುತ್ತೇವೆ. ಬಹಳ ಸಲ ಅವನು ರಕ್ತವನ್ನಷ್ಟೇ ಕೊಡುತ್ತಿದ್ದ. ಮೂತ್ರದ ಬಾಟಲಿ ಕೊಟ್ಟರೆ ಬರುತ್ತಿಲ್ಲ ಎಂದು ಖಾಲಿಯಾಗಿ ತಿರುಗಿಸುತ್ತಿದ್ದ. ಹೆದರಿಕೆ ಎಂದು ಗೊತ್ತಿತ್ತು, ಒತ್ತಾಯ ಮಾಡಲಿಲ್ಲ. ಹೋದ ಸಲ ಕುಂಟುತ್ತ ಶೌಚಾಲಯಕ್ಕೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈ ಬೆನ್ನ ಹಿಂದೆ ಇತ್ತು. ನನ್ನ ಮುಂದೆ ನಿಂತು ಬಾಟಲಿಯನ್ನು ಚಾಚಿದ.

“ಹಿಡೀರಿ ಸಾಹೇಬ್ರ. ಇದು ನಂದ ಐತಿ.”

ಬಾಟಲಿ ಬೆಚ್ಚಗಿತ್ತು, ಹೊರಗೆಲ್ಲ ಒದ್ದೆಯಾಗಿತ್ತು. ಹೇಸಿಗೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ಅದನ್ನು ಕರವಸ್ತ್ರದಿಂದ ಒರೆಸಿ, ಅವನ ಹೆಸರು ಬರೆದು, ಸರಿಯಾಗಿದೆಯೋ ಎಂದು ಎರಡು ಸಲ ಓದಿ, ಕೌಂಟರಿನ ಮೇಲೆ ನನ್ನ ಬಾಟಲಿಯ ಪಕ್ಕದಲ್ಲಿ ಇಟ್ಟೆ. ಎರಡರ ಬಣ್ಣವೂ ಬೇರೆ ಬೇರೆ ಇತ್ತು.